ಡಬ್ಬಿಯ ಹಿಂಬದಿ ಮೊದಲು ಓದಿ: ತೂಕಕ್ಕೆ, ವಯಸ್ಸಿಗೆ ವಿಟಮಿನ್ ಕೊಳ್ಳುವವರಿಗೆ

ಹೋದ ಮಳೆಗಾಲದಲ್ಲಿ ಒಬ್ಬರು ಟೀಚರ್ ನಮ್ಮ ಮೆಡಿಕಲ್ ಶಾಪಿಗೆ ಬಂದರು. ವಯಸ್ಸು ಐವತ್ತೆಂಟು. ಕೊಡೆ ಬಾಗಿಲಲ್ಲಿ ಇಟ್ಟು, ಬ್ಯಾಗಿನಿಂದ ಒಂದು ಕಪ್ಪು ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟರು. ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ್ದಂತೆ. ಅರವತ್ತು ಕ್ಯಾಪ್ಸೂಲಿಗೆ ಸಾವಿರದ ಇನ್ನೂರು ರೂಪಾಯಿ. "ಇದನ್ನ ತಗೊಂಡ್ರೆ ನಿಜವಾಗ್ಲೂ ತೂಕ ಇಳಿಯತ್ತಾ ಮೇಡಂ?" ಎಂದು ಕೇಳಿದರು. ನಾನು ಡಬ್ಬಿ ತಿರುಗಿಸಿ ಓದಿದೆ. ಗಾರ್ಸಿನಿಯಾ ಕಾಂಬೋಜಿಯಾ ಎಂದಿತ್ತು. "ಟೀಚರ್, ಇದು ನಮ್ಮ ಉಪ್ಪಾಗೆ" ಎಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದ ಕಡೆಯ ಹಳ್ಳಿಯಲ್ಲಿ. ಮಳೆಗಾಲ ಹಿಡಿದ ಮೇಲೆ ಉಪ್ಪಾಗೆ ಹಣ್ಣು ಬೀಳುತ್ತಿತ್ತು. ಅಮ್ಮಮ್ಮ ಹಣ್ಣು ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತಿದ್ದಳು. ಬಿಸಿಲು ಕಾಣದ ಕಾಲ. ಹೊಗೆಯಲ್ಲೇ ಒಣಗಬೇಕು. ಕೆಲವು ದಿನಕ್ಕೆ ಸಿಪ್ಪೆ ಕಪ್ಪಾಗಿ, ಚಪ್ಪಲಿ ತೊಗಲಿನ ಹಾಗೆ ಬಾಗುತ್ತಿತ್ತು. ಹುಣಸೆಹಣ್ಣಿನ ಬದಲು ಅದೇ ಸಾರಿಗೆ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಕೊಡಗಿನವರ ಕಾಚಂಪುಳಿಯೂ ಇದೇ ಹಣ್ಣಿನದು. 90ರ ದಶಕದಲ್ಲಿ ಇದ್ದಕ್ಕಿದ್ದಂತೆ ಸಿಪ್ಪೆಗೆ ರೇಟು ಬಂತು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಬೊಜ್ಜು ಕರಗಿಸುತ್ತದೆ ಎಂದು ಹೊರದೇಶದಲ್ಲಿ ಸುದ್ದಿ ಎದ್ದಿತ್ತು.

ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1998ರಲ್ಲಿ ಅಮೆರಿಕದ 'ಜಾಮಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಕೆಲವರಿಗೆ ದಿನಕ್ಕೆ 1500 ಎಂಜಿ ಈ ಆಸಿಡ್, ಉಳಿದವರಿಗೆ ಅದೇ ತರಹ ಕಾಣುವ ಖಾಲಿ ಮಾತ್ರೆ. ಇಬ್ಬರಿಗೂ ಒಂದೇ ಪಥ್ಯ. ಕೊನೆಗೆ ಎರಡೂ ಗುಂಪಿನವರ ತೂಕ ಇಳಿದದ್ದರಲ್ಲಿ ಗಣನೆಗೆ ಬರುವಂಥ ವ್ಯತ್ಯಾಸವೇ ಇರಲಿಲ್ಲ. ಅಂದರೆ ಇಳಿಸಿದ್ದು ಪಥ್ಯ. ಆಮೇಲೆ ಈ ಸಾರದ ಕ್ಯಾಪ್ಸೂಲ್ ತಿಂದು ಲಿವರ್‌ಗೆ ಪೆಟ್ಟಾದ ವರದಿಗಳೂ ಬಂದಿವೆ. ಸಾರಿಗೆ ಹಾಕುವ ಎರಡು ತುಂಡು ಸಿಪ್ಪೆಗೂ, ಅದರ ಸಾರ ತೆಗೆದು ದಿನಕ್ಕೆ ಮೂರು ಹೊತ್ತು ನುಂಗುವುದಕ್ಕೂ ತುಂಬಾ ಅಂತರ ಇದೆ.

ಸಾಗರದಲ್ಲಿ ನಾನು ಅಂಗಡಿ ಇಟ್ಟು ಇಪ್ಪತ್ತಾರು ವರ್ಷ ಆಯಿತು. ಮೊದಲೆಲ್ಲ ವಿಟಮಿನ್ ಅಂದರೆ ಒಂದು ಬಿ ಕಾಂಪ್ಲೆಕ್ಸ್, ಒಂದು ಐರನ್ ಟಾನಿಕ್, ಬಸುರಿಯರಿಗೆ ಕ್ಯಾಲ್ಸಿಯಂ. ಅರ್ಧ ರ‍್ಯಾಕಿನಲ್ಲಿ ಮುಗಿಯುತ್ತಿತ್ತು. ಈಗ ಎರಡು ರ‍್ಯಾಕ್ ತುಂಬಿದೆ. ತೂಕ ಇಳಿಯಲು, ಮುಪ್ಪು ಬಾರದಿರಲು, ಕೂದಲಿಗೆ, ಮಂಡಿಗೆ ಅಂತ ಕೇಳಿಕೊಂಡು ದಿನಾ ಜನ ಬರುತ್ತಾರೆ. ನಾನು ಮಾರುವವಳೇ. ಆದರೂ ಬೇಡದ್ದನ್ನು ಕೊಡಲು ಮನಸ್ಸು ಬರುವುದಿಲ್ಲ. ಕೌಂಟರಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಕದ ಮಾತು

ತೂಕ ಇಳಿಸುವ ವಿಟಮಿನ್ ಅಂತ ಒಂದೂ ಇಲ್ಲ. ಬಿ12 ಇಳಿಸುವುದಿಲ್ಲ, ಡಿ ಇಳಿಸುವುದಿಲ್ಲ, ಮಲ್ಟಿವಿಟಮಿನ್ ಇಳಿಸುವುದಿಲ್ಲ. ಕೊರತೆ ಇದ್ದವರಿಗೆ ಕೊರತೆ ನೀಗಿದರೆ ಸುಸ್ತು ಹೋಗುತ್ತದೆ, ನಡೆಯಲು ಮನಸ್ಸಾಗುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಬೊಜ್ಜು ಕರಗಿಸುವ ಕೆಲಸ ವಿಟಮಿನ್ನಿನದಲ್ಲ.

ಹಾಗಾಗಿ ತೂಕದ ಮಾತ್ರೆ ಕೇಳಿದವರಿಗೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಥೈರಾಯ್ಡ್ ಯಾವಾಗ ನೋಡಿಸಿದಿರಿ? ಈಗ ಯಾವ ಯಾವ ಮಾತ್ರೆ ನಡೆಯುತ್ತಿದೆ? ಆ ಟೀಚರ್ ಥೈರಾಯ್ಡ್ ನೋಡಿಸದೆ ನಾಲ್ಕು ವರ್ಷ ಆಗಿತ್ತು. ಬೆಳಗ್ಗೆ ಏಳಲಾಗದ ಸುಸ್ತು, ಮಲಬದ್ಧತೆ, ಚಳಿ ತಡೆಯಲು ಆಗದಿರುವುದು, ಎಲ್ಲಾ ಇತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ, ಥೈರಾಯ್ಡ್ ಕೆಲಸ ಕಡಿಮೆಯಾದರೆ ಏರುವ ಟಿಎಸ್‌ಎಚ್ ಮೇಲಿತ್ತು. ಡಾಕ್ಟರು ಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ಶುರು ಮಾಡಿದರು. ಉಪ್ಪಾಗೆ ಡಬ್ಬಿ ಒಡೆಯದೆ ಹಾಗೇ ವಾಪಸ್ ಹೋಯಿತು.

ಮಾತ್ರೆಗಳಿಂದಲೂ ತೂಕ ಏರುತ್ತದೆ. ಕೆಲವು ಸಕ್ಕರೆ ಕಾಯಿಲೆ ಮಾತ್ರೆ, ಇನ್ಸುಲಿನ್, ಸ್ಟಿರಾಯ್ಡ್. ಇನ್ನೊಂದು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಾಲು ಉರಿಗೆ ಕೊಡುವ "ನರದ ವಿಟಮಿನ್." ಸ್ಟ್ರಿಪ್ಪಿನ ಹಿಂದೆ ನೋಡಿ. ಮೀಥೈಲ್‌ಕೋಬಾಲಮಿನ್ ಎಂದು ಮಾತ್ರ ಇದ್ದರೆ ಅದು ಬಿ12. ಜೊತೆಗೆ ಪ್ರಿಗಬಾಲಿನ್ 75 ಎಂಜಿ ಎಂದಿದ್ದರೆ ಅದು ವಿಟಮಿನ್ ಅಲ್ಲ, ನರದ ನೋವಿನ ಔಷಧ. ತಲೆ ಸುತ್ತು, ಮಂಪರು ಬರಬಹುದು, ತೂಕ ಏರಬಹುದು. ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಎದ್ದು ಬೀಳುವುದು ಹೀಗೂ ಆಗುತ್ತದೆ. ಡಾಕ್ಟರು ಒಂದು ತಿಂಗಳಿಗೆ ಬರೆದದ್ದನ್ನು "ಶಕ್ತಿ ಮಾತ್ರೆ" ಅಂತ ಎರಡು ವರ್ಷ ತಿಂದವರನ್ನು ನಾನು ನೋಡಿದ್ದೇನೆ. ಹಾಗಂತ ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಿಕೊಳ್ಳಬೇಕು.

ಫ್ಯಾಟ್ ಬರ್ನರ್ ಅನ್ನುವ ಡಬ್ಬಿಗಳಲ್ಲಿ ಮುಖ್ಯವಾಗಿ ಇರುವುದು ಕೆಫೀನ್ ಮತ್ತು ಗ್ರೀನ್ ಟೀ ಸಾರ. ಗ್ರೀನ್ ಟೀ ಕುಡಿಯುವುದರಲ್ಲಿ ತೊಂದರೆ ಇಲ್ಲ. ಸಾರದ ಮಾತ್ರೆ ಬೇರೆ ವಿಷಯ. ಅದರಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಎಂಜಿ ಅಥವಾ ಅದಕ್ಕಿಂತ ಜಾಸ್ತಿ ಆದರೆ ಲಿವರ್‌ಗೆ ಪೆಟ್ಟಾಗುವ ಲಕ್ಷಣ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಅಪಾಯ ಇನ್ನೂ ಹೆಚ್ಚು. ಎಷ್ಟೋ ಡಬ್ಬಿಗಳಲ್ಲಿ ಇಜಿಸಿಜಿ ಎಷ್ಟಿದೆ ಎಂದು ಬರೆದೇ ಇರುವುದಿಲ್ಲ. ಬರೆಯದಿದ್ದರೆ ಕೊಳ್ಳಬೇಡಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಆಗುವುದು ಕೆಲಸ ಮಾಡುವ ಡಬ್ಬಿಗಳನ್ನು ಕಂಡರೆ. "ಹತ್ತೇ ದಿನಕ್ಕೆ ನಾಲ್ಕು ಕೆಜಿ ಇಳೀತು, ಹಸಿವೇ ಆಗಲ್ಲ" ಎಂದು ಯಾರಾದರೂ ಹೇಳಿದರೆ ನಾನು ಕೂಡಲೇ ಕೇಳುತ್ತೇನೆ: ಎದೆ ಹೊಡೆದುಕೊಳ್ಳುತ್ತಾ? ಬಾಯಿ ಒಣಗುತ್ತಾ? ರಾತ್ರಿ ನಿದ್ದೆ ಬರಲ್ವಾ? ಸಿಬುಟ್ರಮಿನ್ ಎಂಬ ಔಷಧ ಹಸಿವು ಕೊಲ್ಲುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಎಂದು 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಅದನ್ನು ತೆಗೆದುಹಾಕಿದರು. 2011ರಲ್ಲಿ ನಮ್ಮ ದೇಶದಲ್ಲೂ ನಿಷೇಧ ಆಯಿತು. ಆಮೇಲೂ "ಶುದ್ಧ ಗಿಡಮೂಲಿಕೆ" ಎಂದು ಮಾರುವ ಡಬ್ಬಿಗಳಲ್ಲಿ ಅದು ಸಿಕ್ಕಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸುತ್ತಾ ಬಂದಿದೆ. ಲೇಬಲ್ ಮೇಲೆ ಅದರ ಹೆಸರು ಇರುವುದಿಲ್ಲ. ಆದ್ದರಿಂದ ಇಂಥ ಡಬ್ಬಿಯಿಂದ ತೂಕ ಬೇಗ ಇಳಿಯುತ್ತಿದ್ದರೆ ಖುಷಿಪಡಬೇಡಿ. ಮೊದಲು ನಿಲ್ಲಿಸಿ.

ಹಾಗಾದರೆ ಉಪಯೋಗಕ್ಕೆ ಬರುವುದು ಏನೂ ಇಲ್ಲವಾ? ಸ್ವಲ್ಪ ಇದೆ. ಇಸಬ್‌ಗೋಲ್ ಹೊಟ್ಟೆ ತುಂಬಿದ ಹಾಗೆ ಮಾಡುತ್ತದೆ, ಮಲಬದ್ಧತೆಗೂ ಒಳ್ಳೆಯದು. ಆದರೆ ತುಂಬಿದ ಲೋಟ ನೀರಿನ ಜೊತೆಗೇ ಕುಡಿಯಬೇಕು, ಇಲ್ಲದಿದ್ದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬೇರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಇನ್ನು ಆರ್ಲಿಸ್ಟಾಟ್ ಸಪ್ಲಿಮೆಂಟ್ ಅಲ್ಲ, ಔಷಧ. ಊಟದ ಎಣ್ಣೆ ಜಿಡ್ಡಿನಲ್ಲಿ ಸುಮಾರು ಮೂರನೇ ಒಂದು ಭಾಗ ಜೀರ್ಣವಾಗದೆ ಹೊರಗೆ ಹೋಗುವ ಹಾಗೆ ಮಾಡುತ್ತದೆ. ಅದರ ಜೊತೆ ಎ, ಡಿ, ಇ, ಕೆ ವಿಟಮಿನ್ನುಗಳೂ ಹೋಗುತ್ತವೆ. ಅದನ್ನು ತಗೊಳ್ಳುವವರಿಗೆ ಮಾತ್ರ ನಾನೇ ಮಲ್ಟಿವಿಟಮಿನ್ ನೆನಪಿಸುತ್ತೇನೆ, ಅದೂ ಮಲಗುವಾಗ. 2025ರಲ್ಲಿ ವಾರಕ್ಕೊಮ್ಮೆಯ ಹೊಸ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೂ ಬಂದವು. ಅವು ಪೂರ್ತಿ ಡಾಕ್ಟರ ಕೈಲಿರುವ ವಿಷಯ. ನಾನು ಹೇಳುವುದು ಇಷ್ಟೇ: ಊಟ ಅಷ್ಟು ಕಡಿಮೆಯಾದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತಿನ್ನುವ ನಾಲ್ಕು ತುತ್ತಿನಲ್ಲಿ ಪ್ರೋಟೀನ್ ಇರಬೇಕು.

ಕೊರತೆ ಎಲ್ಲಿದೆ ಅಂತ ನೋಡಿಸಿ

ನಮ್ಮ ಕಡೆ ನಿಜವಾಗಿ ಕೊರತೆ ಕಾಣುವುದು ಬಿ12 ಮತ್ತು ಡಿಯಲ್ಲಿ. ಹೆಂಗಸರಲ್ಲಿ ಕಬ್ಬಿಣ.

ಬಿ12 ಸೊಪ್ಪು, ಕಾಳು, ಹಣ್ಣಿನಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಸಸ್ಯಾಹಾರಿ ಮನೆಯಲ್ಲಿ ಹಾಲು ಅಂದರೆ ಎರಡು ಲೋಟ ಕಾಫಿಗೆ ಹಾಕಿದಷ್ಟೇ ಆಗಿದ್ದರೆ ಅದು ಸಾಲುವುದಿಲ್ಲ. ವಯಸ್ಸಾದಂತೆ ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾಗಿ ಊಟದ ಬಿ12 ಹೀರಿಕೊಳ್ಳುವುದೂ ಕಡಿಮೆ. ಜೊತೆಗೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಗೊಳ್ಳುವವರು, ದಿನಾ ಬೆಳಗ್ಗೆ ಗ್ಯಾಸಿನ ಮಾತ್ರೆ ತಗೊಳ್ಳುವವರು. ಈ ಎಲ್ಲವೂ ಒಬ್ಬರಲ್ಲೇ ಸೇರಿದರೆ ಕಾಲು ಜೋಮು, ಮರೆವು, ನಡೆಯುವಾಗ ತೂರಾಡುವುದು ಶುರುವಾಗುತ್ತದೆ. ಮರೆವನ್ನು ಮುಪ್ಪು ಅಂತ ಬಿಟ್ಟುಬಿಡಬೇಡಿ. ಬಹಳ ದಿನ ಬಿಟ್ಟರೆ ನರಕ್ಕಾದ ಪೆಟ್ಟು ಮತ್ತೆ ಸರಿಹೋಗುವುದಿಲ್ಲ. ರಕ್ತದಲ್ಲಿ ಬಿ12 200ಕ್ಕಿಂತ ಕೆಳಗೆ ಇದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. ಇಂಜೆಕ್ಷನ್ ಬೇಕೋ ಮಾತ್ರೆ ಸಾಕೋ ಅನ್ನುವುದನ್ನು ಡಾಕ್ಟರು ಹೇಳುತ್ತಾರೆ. ಒಂದು ಮಾತು ಮರೆಯಬೇಡಿ. ಬಿ12 ನೋಡಿಸದೆ ಫೋಲಿಕ್ ಆಸಿಡ್ ಮಾತ್ರ ತಿಂದರೆ ರಕ್ತ ಸರಿಹೋದ ಹಾಗೆ ಕಾಣುತ್ತದೆ, ನರ ಒಳಗೇ ಹಾಳಾಗುತ್ತಿರುತ್ತದೆ.

ಲ್ಯಾಬಿಗೆ ಹೋಗುವ ಮುಂಚೆ ಇನ್ನೊಂದು. ಕೂದಲಿಗೆಂದು ಬಯೋಟಿನ್ ತಗೊಳ್ಳುತ್ತಿದ್ದರೆ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನು ತಪ್ಪು ತೋರಿಸಬಲ್ಲದು. ಹೃದಯಾಘಾತಕ್ಕೆ ಮಾಡುವ ಟ್ರೊಪೊನಿನ್ ಪರೀಕ್ಷೆಯೂ ತಪ್ಪಬಹುದು ಎಂದು ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಭಾನುವಾರದ ಕ್ಯಾಪ್ಸೂಲ್

ವಿಟಮಿನ್ ಡಿ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಕಾರಣ ಇದೆ.

ನಮ್ಮ ರಸ್ತೆಯಲ್ಲೇ ಇದ್ದ ಒಬ್ಬ ನಿವೃತ್ತ ಕಂಡಕ್ಟರ್. ಅರವತ್ತಾರು ವಯಸ್ಸು. ಬೇರೆ ಊರಿನಲ್ಲಿ ತೋರಿಸಿ, ಅಲ್ಲೇ ಮಾತ್ರೆ ತಗೊಂಡು ಬಂದಿದ್ದರು. 60,000 ಐಯು (ವಿಟಮಿನ್ ಡಿ ಅಳೆಯುವ ಲೆಕ್ಕ) ವಿಟಮಿನ್ ಡಿ ಕ್ಯಾಪ್ಸೂಲ್, ವಾರಕ್ಕೆ ಒಂದು, ಎಂಟು ವಾರ. ಅವರಿಗೆ ಕೇಳಿಸಿದ್ದು ದಿನಕ್ಕೆ ಒಂದು. ಮುಗಿದ ಹಾಗೆಲ್ಲ ಕವರ್ ತೋರಿಸಿ ಒಂದೊಂದು ಅಂಗಡಿಯಲ್ಲಿ ಕೊಂಡರು. ಎರಡು ತಿಂಗಳು ಹತ್ತಿರ ಬಂದಾಗ ವಾಂತಿ, ಸಿಕ್ಕಾಪಟ್ಟೆ ಬಾಯಾರಿಕೆ, ಮಲಬದ್ಧತೆ, ಮಾತು ಗೊಂದಲ. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. ವಾರ ಪೂರ್ತಿ ಆಸ್ಪತ್ರೆಯಲ್ಲಿ ಇದ್ದು ಬಂದರು. ಕೊನೆಯ ಸ್ಟ್ರಿಪ್ ಕೊಂಡದ್ದು ನಮ್ಮ ಅಂಗಡಿಯಲ್ಲಿ. ನಮ್ಮ ಹುಡುಗ ಕೊಟ್ಟಿದ್ದ. ಅವನು ಕೇಳಲಿಲ್ಲ, ನಾನು ನೋಡಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಅಂದಿನಿಂದ ಈ ಕ್ಯಾಪ್ಸೂಲಿನ ಸ್ಟ್ರಿಪ್ ಯಾರಿಗೆ ಕೊಟ್ಟರೂ ಹಿಂದೆ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತೇನೆ. ನಾಲ್ಕು ಕ್ಯಾಪ್ಸೂಲಿನ ಸ್ಟ್ರಿಪ್ ಆದರೆ ನಾಲ್ಕು ಸಲ: ಭಾನುವಾರ, ಭಾನುವಾರ, ಭಾನುವಾರ, ಭಾನುವಾರ. ಪಕ್ಕದಲ್ಲಿ ತಾರೀಕು. ನಿಮ್ಮ ಅಂಗಡಿಯವರು ಬರೆಯದಿದ್ದರೆ ನೀವೇ ಬರೆದುಕೊಳ್ಳಿ.

ಲೆಕ್ಕ ಹೀಗಿದೆ. ಒಬ್ಬ ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 600 ಐಯು, ವಯಸ್ಸಾದವರಿಗೆ 800. ಡಾಕ್ಟರ ಸಲಹೆ ಇಲ್ಲದೆ ದಿನಕ್ಕೆ 4000 ದಾಟಬಾರದು. 60,000 ಅಂದರೆ 600ರ ಲೆಕ್ಕದಲ್ಲಿ ನೂರು ದಿನದ ಪಾಲು ಒಂದೇ ಕ್ಯಾಪ್ಸೂಲಿನಲ್ಲಿ. ಕೊರತೆ ಇದ್ದಾಗ ಅದು ಔಷಧ. ಕೊರತೆ ನೀಗಿದ ಮೇಲೂ ಮುಂದುವರಿಸುವಂಥದ್ದಲ್ಲ. ಇದು ನೀರಿನಲ್ಲಿ ಕರಗುವ ವಿಟಮಿನ್ ಅಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ಮೈಯ ಕೊಬ್ಬಿನಲ್ಲಿ ಕೂರುತ್ತದೆ. ಹಾಗೆಯೇ ತಗೊಳ್ಳುವಾಗ ಜಿಡ್ಡಿರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಬಿಸಿಲಿನ ಮಾತು ಹೇಳುವುದಾದರೆ ಬೆಳಗಿನ ಎಳೆಬಿಸಿಲು ಹಿತ, ಆದರೆ ಡಿ ತಯಾರಾಗುವುದು ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ. ಅಡಿಕೆ ಒಣಹಾಕಲು ಅಂಗಳಕ್ಕೆ ಹೋಗುವ ಹೊತ್ತು ಅಂದುಕೊಳ್ಳಿ.

ಕೊರತೆ ಇಲ್ಲದವರು ಡಿ ತಿಂದರೆ ಏನಾಗುತ್ತದೆ ಎಂಬುದನ್ನೂ ಅಮೆರಿಕದಲ್ಲಿ ನೋಡಿದ್ದಾರೆ. 'ವೈಟಲ್' ಎಂಬ ಅಧ್ಯಯನದಲ್ಲಿ 25,871 ಜನ ಇದ್ದರು. ದಿನಕ್ಕೆ 2000 ಐಯು, ಐದು ವರ್ಷ ಹತ್ತಿರ. ಹೃದಯದ ಕಾಯಿಲೆಯೂ ಕಡಿಮೆ ಆಗಲಿಲ್ಲ, ಕ್ಯಾನ್ಸರ್ ಬರುವುದೂ ಕಡಿಮೆ ಆಗಲಿಲ್ಲ, ಮೂಳೆ ಮುರಿಯುವುದೂ ಕಡಿಮೆ ಆಗಲಿಲ್ಲ.

ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣ ಅಕ್ಷರ ನೋಡಿ

ಒಂದು ಕ್ಯಾಲ್ಸಿಯಂ ಸ್ಟ್ರಿಪ್ ಕೈಗೆ ತಗೊಳ್ಳಿ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಎಂಜಿ" ಎಂದು ಇರುತ್ತದೆ. ಅದರ ಕೆಳಗೆ "ಎಲಿಮೆಂಟಲ್ ಕ್ಯಾಲ್ಸಿಯಂ 500 ಎಂಜಿ." ನಿಮಗೆ ಸಿಗುವುದು ಆ 500. ಸಿಟ್ರೇಟ್ ಆದರೆ ಇನ್ನೂ ಕಡಿಮೆ, ತೂಕದ ಐದರಲ್ಲಿ ಒಂದು ಪಾಲು ಅಷ್ಟೇ. ಎರಡು ಕಂಪನಿಯ ಬೆಲೆ ಹೋಲಿಸುವಾಗ ಈ ಎಲಿಮೆಂಟಲ್ ಅನ್ನುವ ಅಂಕಿಯನ್ನೇ ಹೋಲಿಸಿ.

ಈಗ ಮನೆಯ ಲೆಕ್ಕ. ದಿನಕ್ಕೆ ಬೇಕಾಗುವುದು 1000 ಎಂಜಿ, ಮುಟ್ಟು ನಿಂತ ಹೆಂಗಸರಿಗೆ 1200. ನೂರು ಗ್ರಾಂ ರಾಗಿಯಲ್ಲಿ 364 ಎಂಜಿ ಇದೆ. ಐವತ್ತು ಗ್ರಾಂ ಹಿಟ್ಟಿನ ಅಂಬಲಿ ಅಥವಾ ರೊಟ್ಟಿ ಅಂದರೆ 180ರ ಹತ್ತಿರ. ಹಾಲು ಮೊಸರು ಸೇರಿ ಎರಡು ಲೋಟ ಆದರೆ 470ರ ಆಸುಪಾಸು. ಒಂದು ಹಿಡಿ ನುಗ್ಗೆಸೊಪ್ಪು, ಒಂದು ಚಮಚ ಎಳ್ಳಿನ ಪುಡಿ ಸೇರಿಸಿದರೆ ಉಳಿಯುವ ಕೊರತೆ ಸ್ವಲ್ಪವೇ. ಇಂಥವರಿಗೆ ದಿನಕ್ಕೆ ಎರಡು ಮಾತ್ರೆ ಏತಕ್ಕೆ? ಒಂದು ಸಾಕು, ಕೆಲವರಿಗೆ ಅದೂ ಬೇಡ. ಕಿಡ್ನಿ ಕಲ್ಲು ಆದವರು ಕೇಳದೆ ತಗೊಳ್ಳಲೇಬಾರದು.

ಮೀನೆಣ್ಣೆಯಲ್ಲೂ ಇದೇ ಕತೆ. ಮುಂದೆ 1000 ಎಂಜಿ ಎಂದು ದೊಡ್ಡದಾಗಿ ಇರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ನೋಡಿದರೆ ಸಾಮಾನ್ಯ ಡಬ್ಬಿಯಲ್ಲಿ ಇಪಿಎ 180, ಡಿಎಚ್‌ಎ 120. ಕೂಡಿಸಿದರೆ 300. ಒಮೆಗಾ 3 ಅಂದರೆ ಆ 300 ಮಾತ್ರ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಆಪರೇಷನ್ ನಿಗದಿಯಾಗಿರುವವರು ಡಾಕ್ಟರಿಗೆ ಹೇಳದೆ ತಗೊಳ್ಳಬೇಡಿ. ಮೀನು ತಿನ್ನುವವರು ವಾರಕ್ಕೆ ಎರಡು ಸಲ ಬಂಗುಡೆ, ಬೂತಾಯಿ ತಿಂದರೆ ಕ್ಯಾಪ್ಸೂಲಿನ ಅಗತ್ಯ ಬೀಳುವುದಿಲ್ಲ. ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ. ಅಗಸೆಯ ಒಮೆಗಾ 3 ಬೇರೆ ಜಾತಿಯದು, ಮೈಯೊಳಗೆ ಸ್ವಲ್ಪವೇ ಬದಲಾಗುತ್ತದೆ. ಆದರೂ ನಾರು ಸಿಗುತ್ತದೆ, ಊಟ ರುಚಿಯಾಗುತ್ತದೆ.

ಇನ್ನು ಕೈಯಲ್ಲಿರುವುದು ಔಷಧವೋ ಆಹಾರವೋ ನೋಡಿ. ಔಷಧ ಆದರೆ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ, ಹೆಸರಿನ ಮುಂದೆ ಎಷ್ಟೋ ಸಲ ಐ.ಪಿ. ಎಂದು ಇರುತ್ತದೆ. ಅಂದರೆ ಭಾರತೀಯ ಔಷಧ ಸಂಹಿತೆಯ ಅಳತೆಗೆ ತಕ್ಕದ್ದು. ಸಪ್ಲಿಮೆಂಟ್ ಆದರೆ ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, "ಔಷಧವಾಗಿ ಬಳಸಲು ಅಲ್ಲ" ಎಂಬ ಅರ್ಥದ ಇಂಗ್ಲಿಷ್ ಸಾಲು ಇರಬೇಕು. 2016ರ ನಿಯಮ ಇದು. ಆ 14 ಅಂಕಿಯನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಆದರೆ ಲೈಸೆನ್ಸೇ ಇಲ್ಲದ್ದನ್ನು ಮುಟ್ಟಬೇಡಿ. "ಪ್ರೊಪ್ರೈಟರಿ ಬ್ಲೆಂಡ್" ಎಂದು ಹತ್ತು ಹೆಸರು ಬರೆದು, ಯಾವುದು ಎಷ್ಟು ಅಂತ ಹೇಳದ ಡಬ್ಬಿಯನ್ನೂ ಅಲ್ಲೇ ಬಿಡಿ.

ನಮ್ಮ ಆಯಿಯ ಬೆಳಗಿನ ಗುಳಿಗೆ

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಈಗ ಎಂಬತ್ತೊಂದು. ಹದಿನೈದು ವರ್ಷದಿಂದ ಥೈರಾಯ್ಡ್ ಗುಳಿಗೆ. ಆರು ವರ್ಷದ ಹಿಂದೆ ಸೊಂಟ ನೋವಿಗೆ ಕ್ಯಾಲ್ಸಿಯಂ ಸೇರಿತು. ಆಮೇಲೆ ಥೈರಾಯ್ಡ್ ರಿಪೋರ್ಟ್ ಹದಕ್ಕೆ ಬರುವುದೇ ಇಲ್ಲ. ಡಾಕ್ಟರು ಗುಳಿಗೆಯ ಪವರ್ ಎರಡು ಸಲ ಏರಿಸಿದರು. ಒಂದು ದಿನ ನಾನು ಊರಲ್ಲಿ ಉಳಿದಿದ್ದೆ. ಬೆಳಗ್ಗೆ ಆರಕ್ಕೆ ಆಯಿ ಎದ್ದು, ಎರಡೂ ಗುಳಿಗೆ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದಳು. "ಒಂದೇ ಸಲ ನುಂಗಿದ್ರೆ ಮರೆಯೋದಿಲ್ಲ ಮಗಾ" ಎಂದಳು. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಅನ್ನು ರಾತ್ರಿ ಊಟಕ್ಕೆ ಸರಿಸಿದೆ. ಮುಂದಿನ ರಿಪೋರ್ಟಿನಲ್ಲೇ ಬದಲಾವಣೆ ಕಂಡಿತು, ಪವರನ್ನು ಡಾಕ್ಟರು ವಾಪಸ್ ಇಳಿಸಿದರು.

ಆದ್ದರಿಂದ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಐರನ್, ಮಲ್ಟಿವಿಟಮಿನ್‌ಗೂ ನಾಲ್ಕು ಗಂಟೆ ಅಂತರ ಬೇಕು. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ. ಐರನ್ ಅನ್ನು ಕಾಫಿ, ಟೀ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ, ಸಿಟ್ರೇಟ್ ಯಾವಾಗ ಬೇಕಾದರೂ. ವಾರ್ಫರಿನ್, ಅಸಿನೊಕೌಮರಾಲ್ ತಗೊಳ್ಳುವವರು ವಿಟಮಿನ್ ಕೆ ಇರುವ ಮೂಳೆ ಮಾತ್ರೆ ತಂದುಕೊಂಡರೆ ರಕ್ತ ತೆಳುವಾಗುವ ಕೆಲಸ ಕೆಡುತ್ತದೆ. ಈಗ ಕೆ2 ಸೇರಿಸಿದ ಕ್ಯಾಲ್ಸಿಯಂ ತುಂಬಾ ಬಂದಿದೆ, ಹೆಸರು ಓದಿ ನೋಡಿ.

ಬಿ ಕಾಂಪ್ಲೆಕ್ಸ್ ತಿಂದಾಗ ಮೂತ್ರ ಗಾಢ ಹಳದಿ ಆದರೆ ಗಾಬರಿ ಬೇಡ, ಅದು ಬಿ2 ಬಣ್ಣ. ಐರನ್ ತಿಂದಾಗ ಮಲ ಕಪ್ಪಾಗುವುದೂ ಸಹಜ.

ವಯಸ್ಸಿಗೆ ಯಾವುದು?

ಮುಪ್ಪು ತಡೆಯುವ ಮಾತ್ರೆ ಇಲ್ಲ. ಮಲ್ಟಿವಿಟಮಿನ್ ದಿನಾ ತಿಂದವರು ಹೆಚ್ಚು ವರ್ಷ ಬದುಕಿದರಾ ಅಂತ ಅಮೆರಿಕದಲ್ಲಿ 3,90,124 ಜನರ ಲೆಕ್ಕ ತೆಗೆದು 2024ರಲ್ಲಿ ಪ್ರಕಟಿಸಿದರು. ಹೆಚ್ಚು ವರ್ಷ ಬದುಕಿರಲಿಲ್ಲ. ಸರಿಯಾಗಿ ಊಟ ಸೇರದ ಅಜ್ಜ ಅಜ್ಜಿಯರಿಗೆ ಒಂದು ಸಾಧಾರಣ ಮಲ್ಟಿವಿಟಮಿನ್ ಕೊಡುವುದು ಬೇರೆ ಮಾತು, ಅದಕ್ಕೆ ನನ್ನ ಅಡ್ಡಿ ಇಲ್ಲ. ಕೊಲಾಜೆನ್ ಪುಡಿ ಹೊಟ್ಟೆಗೆ ಹೋದರೆ ಬೇರೆ ಪ್ರೋಟೀನಿನ ಹಾಗೆಯೇ ಒಡೆಯುತ್ತದೆ. ಅದೇ ದುಡ್ಡಿಗೆ ತಿಂಗಳು ಪೂರ್ತಿ ಮೊಟ್ಟೆ, ಬೇಳೆ ಬರುತ್ತದೆ.

ಬೀಡಿ, ಸಿಗರೇಟು ಸೇದುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಫಿನ್ಲೆಂಡಿನಲ್ಲಿ ಸೇದುವ 29,133 ಗಂಡಸರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ ಕೊಟ್ಟು ನೋಡಿದರು. ಕ್ಯಾನ್ಸರ್ ತಡೆಯಬಹುದು ಅಂದುಕೊಂಡಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಇತ್ತು. ಕ್ಯಾರೆಟ್ ತಿನ್ನಿ. ಆ ಮಾತ್ರೆ ಬೇಡ.

ವಯಸ್ಸಿನಲ್ಲಿ ನಿಜವಾಗಿ ಕೈಬಿಡುವುದು ಮಾಂಸಖಂಡ. ಮೆಟ್ಟಿಲು ಹತ್ತಲು ಕಂಬಿ ಬೇಕಾಗುತ್ತದೆ, ಕೆಳಗೆ ಕೂತರೆ ಕೈ ಊರದೆ ಏಳಲಾಗುವುದಿಲ್ಲ. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಲೆಕ್ಕ ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್. 60 ಕೆಜಿ ಇದ್ದರೆ ದಿನಕ್ಕೆ 50 ಗ್ರಾಂ. ವಯಸ್ಸಾದವರಿಗೆ ಕೆಜಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ಬೇಕು ಅನ್ನುವ ತಜ್ಞರು ತುಂಬಾ ಇದ್ದಾರೆ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ 6, ಒಂದು ಹಿಡಿ ಹುರುಳಿ ಅಥವಾ ಬೇಳೆಗೆ 6–7. ಅನ್ನ, ತಿಳಿಸಾರು, ಉಪ್ಪಿನಕಾಯಿ ಊಟದಲ್ಲಿ ಎಷ್ಟು ಸಿಗುತ್ತದೆ ಲೆಕ್ಕ ಹಾಕಿ. ಊಟದಲ್ಲಿ ಆಗದಿದ್ದರೆ ಪ್ರೋಟೀನ್ ಪುಡಿ ತಗೊಳ್ಳಿ. ತಗೊಳ್ಳುವಾಗ ನೂರು ಗ್ರಾಮಿಗೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಓದಿ. ಸಕ್ಕರೆಯೇ ಜಾಸ್ತಿ ಇದ್ದರೆ ಅದು ಮಿಠಾಯಿ. ಕಿಡ್ನಿ ತೊಂದರೆ ಇದ್ದವರು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸಿ, ಡಾಕ್ಟರನ್ನು ಕೇಳಿಯೇ ಮುಟ್ಟಿ. ಪ್ರೋಟೀನಿನ ಜೊತೆ ಮೈಗೆ ಕೆಲಸವೂ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಎರಡು ಸಲ. ಆಯಿ ಈಗಲೂ ಆರು ಸಲ ಮಾಡುತ್ತಾಳೆ.

ಕೊಳ್ಳುವ ದಿನ

ಒಂದು ಬಟ್ಟೆ ಚೀಲ ತಗೊಳ್ಳಿ. ಮನೆಯಲ್ಲಿ ನೀವು ತಿನ್ನುವ ಎಲ್ಲಾ ಮಾತ್ರೆ, ಪುಡಿ, ಕಷಾಯ, ಲೇಹ್ಯ ಅದಕ್ಕೆ ಹಾಕಿ. ಅಳಿಯ ಅಮೆರಿಕದಿಂದ ತಂದ ಡಬ್ಬಿಯೂ ಬರಲಿ. ಡಾಕ್ಟರ ಹತ್ತಿರ ಅಥವಾ ಪರಿಚಯದ ಫಾರ್ಮಸಿಸ್ಟ್ ಹತ್ತಿರ ಎಲ್ಲಾ ಒಟ್ಟಿಗೆ ತೋರಿಸಿ. ಮೂರು ಡಬ್ಬಿಯಲ್ಲಿ ಮೂರು ಸಲ ವಿಟಮಿನ್ ಡಿ ಇರುವುದು, ಎರಡು ಕಡೆ ಬಿ6 ಇರುವುದು ಆಗಲೇ ಗೊತ್ತಾಗುವುದು. ಬಿ6 ಬಹಳ ದಿನ ಹೆಚ್ಚಾದರೆ ಅದೇ ಕಾಲು ಜೋಮು ತರುತ್ತದೆ. ಬೆಲೆ ಜಾಸ್ತಿ ಅನಿಸಿದರೆ ಜನೌಷಧಿ ಕೇಂದ್ರದಲ್ಲಿ ಅದೇ ಅಂಶ ಕೇಳಿ. ಕಂಪನಿ ಹೆಸರು ಬೇಡ, ಒಳಗಿನ ಹೆಸರು ಮತ್ತು ಅಳತೆ ಹೇಳಿ. ಒಂದು ಸಲಕ್ಕೆ ಒಂದೇ ಹೊಸದು ಶುರು ಮಾಡಿ, ಎರಡು ವಾರ ನೋಡಿ. ಮೂರು ತಿಂಗಳಿಗೆ ಮತ್ತೆ ರಕ್ತ ನೋಡಿಸಿ, ಸರಿಹೋಗಿದ್ದರೆ ಮುಂದೆ ಎಷ್ಟು ಬೇಕು ಅಂತ ಕೇಳಿ.

ಯಾವುದೇ ಡಬ್ಬಿ ಶುರು ಮಾಡಿದ ಮೇಲೆ ಕಣ್ಣು ಹಳದಿ ಆದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ, ಊಟ ಕಂಡರೆ ವಾಕರಿಕೆ ಬಂದರೆ ಅಂದೇ ನಿಲ್ಲಿಸಿ. ಗಿಡಮೂಲಿಕೆ ಅಲ್ವಾ ಅಂತ ಕಾಯಬೇಡಿ. ಡಬ್ಬಿ ಎಸೆಯಬೇಡಿ. ಬಿಲ್ ಸಮೇತ ಅದೇ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಎಷ್ಟು ತಿಂದಿರಿ ಎಂದು ಮುಚ್ಚಿಡದೆ ಹೇಳಿ.